ಎಡಚಕ್ರದ ಬ್ರೇಕಿಗೆ ಸೇರಿದ ಗಾಳಿ

ಚೀಸಿನ ಬುಟ್ಟಿ ಹೊತ್ತು ಸಾಂತಾ ಆನಾ ಊರಿಗೆ ಹೊರಟಿದ್ದ ಎರ್ಮೆಲಿಂದಾಗೆ ಆ ಬಯಲಿನಲ್ಲಿ ತಾನು ಹತ್ತಬೇಕಿದ್ದ ಪುಟ್ಟ ವಿಮಾನದ ರೆಕ್ಕೆಯ ಕೆಳಗಲ್ಲದೆ ಬೇರೆಲ್ಲೂ ನೆರಳಿರಲಿಲ್ಲ. ಹಾಗಾಗಿ ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು. ಎಡಚಕ್ರದ ಬ್ರೇಕಿನ ಎಣ್ಣೆಗೆ ಗಾಳಿ ಸೇರಿತ್ತು; ಪೆಡಲ್ ತುಳಿತುಳಿದು ಅದನ್ನು ಹೊರಹಾಕಬೇಕಿತ್ತು. ಚಕ್ರದ ಪಕ್ಕ ಮಲಗಿದ್ದವನು ಮುದುಕ ಮೆಕ್ಯಾನಿಕ್ ನೆಮೇಸಿಯೊ. ಒಳಗೆ ಕೂತು ಪೆಡಲ್ ತುಳಿಯುತ್ತಿದ್ದವನು ಪೈಲಟ್ ವಿಲ್ಮಾರ್.

“ತುಳಿ.”

“ತುಳಿದೆ.”

“ಹಾಗೇ ಹಿಡ್ಕೋ. ಗುಳ್ಳೆ ಬರ್ತಿದೆ… ಈಗ ಬಿಡು. ಹೇಗಿದೆ?”

“ಬೆಂದ ಬಾಳೆಕಾಯಿ ತುಳಿದ ಹಾಗಿದೆ, ದೊನ್ ನೆಮೇಸಿಯೊ.”

“ನನ್ನ ಹೆಂಡ್ತಿ ಬದುಕಿದ್ದಾಗ ಹತ್ತೇ ತುಳಿತಕ್ಕೆ ಮುಗೀತಿತ್ತು. ತುಳಿದಷ್ಟು ಹೊತ್ತೂ ಬೈತಿದ್ಲು.”

“ನಾನೂ ಬೈಲಾ?”

“ನಿನಗೆ ಅಷ್ಟು ಚೆನ್ನಾಗಿ ಬರಲ್ಲ. ತುಳಿ.”

“ಕೆಳಗಿಂದ ಎಣ್ಣೆ ಏರಿಸೋ ಪಂಪು ಇತ್ತಲ್ಲ ನಿಮ್ಮತ್ರ? ಒಬ್ರೇ ಮಾಡ್ಬಹುದಿತ್ತು.”

“ಇದೆ. ಅವಳು ಹೋದ್ಮೇಲೆ ಎಲ್ಲಾನೂ ಒಬ್ನೇ ಮಾಡ್ತಿದ್ದೀನಲ್ಲ, ಇದೊಂದು ಬೇಡ ಅನ್ನಿಸ್ತು.”

ಬ್ರೇಕಿನಿಂದ ಬಾಟಲಿಗೆ ಇಳಿದಿದ್ದ ಕೊಳವೆಯಲ್ಲಿ ಗುಳ್ಳೆ ಬರುವುದು ಆಗಲೇ ನಿಂತಿತ್ತು. ಅದು ಎರ್ಮೆಲಿಂದಾಗೇ ಕಾಣುತ್ತಿದ್ದ ಮೇಲೆ ಮುದುಕನಿಗೆ ಕಾಣದೆ ಇರುತ್ತದೆಯೆ?

“ತುಳಿ.”

“ತುಳಿದೆ. ಕಲ್ಲಿನ ಹಾಗಿದೆ.”

“ಇನ್ನೊಂದ್ಸಲ.”

ವಿಲ್ಮಾರ್ ಇನ್ನೂ ಐದು ಸಲ ತುಳಿದು ಕೆಳಗಿಳಿದ.

“ಗುರುವಾರ ಬಲಗಡೇದೂ ನೋಡ್ಬೇಕು,” ಎಂದ.

“ಅದಕ್ಕೇನಾಗಿದೆ?”

“ಏನೂ ಆಗಿಲ್ಲ.”

“ಹಾಗಾದ್ರೆ ಬೆಳಿಗ್ಗೇನೇ ಬಾ,” ಎಂದ ಮುದುಕ. ಇಬ್ಬರೂ ಕೈ ತೊಳೆಯಲು ನಲ್ಲಿಯತ್ತ ನಡೆದರು.