ಕರುಳಿನ ಹುಣ್ಣೂ ಹೆಣ್ಣುಮಕ್ಕಳ ಶಾಲೆಯೂ

ಈ ಸಂಜೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಪುರಸಭೆಯ ಅಧ್ಯಕ್ಷರೇ, ಕೋಲಾರದಿಂದ ಇಷ್ಟು ದೂರ ಧೂಳು ಕುಡಿದುಕೊಂಡು ಬಂದಿರುವ ಇನ್‌ಸ್ಪೆಕ್ಟ್ರೆಸ್ ಅಮ್ಮನವರೇ, ಶಾಲಾ ಸಮಿತಿಯ ಕಾರ್ಯದರ್ಶಿಗಳಾದ ರಾಮಚಂದ್ರಪ್ಪನವರೇ, ಬೆಂಚುಗಳ ಮೇಲೆ ಕುಳಿತಿರುವ ಮಹನೀಯರೇ, ಪರದೆಯ ಹಿಂದೆ ಕುಳಿತಿರುವ ತಾಯಂದಿರೇ, ಚಾಪೆಯ ಮೇಲೆ ಕೂತು ಗದ್ದಲ ಮಾಡುತ್ತಿರುವ ನನ್ನ ಮಕ್ಕಳೇ, ಸಭಿಕರೇ,

ನಮ್ಮ ಶ್ರೀನಿವಾಸಪುರದ ಹೆಣ್ಣುಮಕ್ಕಳ ಮಿಡಲ್ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯಿನಿಯಾದ ನಾನು 'ಸ್ತ್ರೀ ವಿದ್ಯಾಭ್ಯಾಸದ ಮಹತ್ವ' ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಈ ವಿಷಯವಾಗಿ ನಾನು ಹದಿಮೂರು ವರ್ಷ ಮಾತನಾಡಿದ್ದೇನೆ. ತಾವು ಹದಿಮೂರು ವರ್ಷ ಚಪ್ಪಾಳೆ ತಟ್ಟಿದ್ದೀರಿ. ನಡುವೆ ಒಂದಿಷ್ಟು ನಿದ್ದೆಯನ್ನೂ ಮಾಡಿದ್ದೀರಿ. ಈ ಹೊತ್ತು ತಮ್ಮನ್ನು ಮಲಗಲು ಬಿಡುವುದಿಲ್ಲ.

"ಅಮ್ಮಾ, ಏನು ಬೇಕಾದ್ರೂ ಮಾತಾಡಿ. ಆ ಕಾಯಿಲೆ ವಿಷಯ ಮಾತ್ರ ಬೇಡ. ದೊಡ್ಡೋರು ಬಂದಿರ್ತಾರೆ" ಎಂದು ರಾಮಚಂದ್ರಪ್ಪನವರು ಬೆಳಿಗ್ಗೆ ಕೈಮುಗಿದು ಕೇಳಿಕೊಂಡರು. ದೊಡ್ಡವರಿಗೆ ಹೊಟ್ಟೆ ಇಲ್ಲವೇ, ಸಭಿಕರೇ? ಹೊಟ್ಟೆಯೊಳಗೆ ಕರುಳು ಇಲ್ಲವೇ? ಆದ್ದರಿಂದ ಕಾರ್ಯದರ್ಶಿಗಳ ಕ್ಷಮೆ ಕೋರಿ ಆ ಕಾಯಿಲೆಯ ವಿಷಯವನ್ನೇ ಮಾತನಾಡುತ್ತೇನೆ.

ಮೂರು ವರ್ಷದ ಹಿಂದೆ, ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿಯಲ್ಲಿ, ಮಾವಿನ ಕಾಲ ಮುಗಿಯುವ ಹೊತ್ತಿಗೆ ನನಗೆ ಭೇದಿ ಶುರುವಾಯಿತು. ನಮ್ಮೂರಿನಲ್ಲಿ ಮಾವಿನ ಕಾಲ ಮುಗಿದ ಮೇಲೆ ಭೇದಿಯಾಗದವರು ಯಾರು? ನಾನೂ ನಕ್ಕು ಸುಮ್ಮನಾದೆ. ವಾರ ಕಳೆದ ಮೇಲೆ ರಕ್ತ ಕಾಣಿಸಿತು. ದಾಳಿಂಬೆ ಸಿಪ್ಪೆಯ ಕಷಾಯವಾಯಿತು, ಮೆಂತ್ಯದ ಮಜ್ಜಿಗೆಯಾಯಿತು, ಆಮಶಂಕೆ ಎಂದು ಹನ್ನೆರಡು ಸೂಜಿಮದ್ದೂ ಆಯಿತು. ದಿನಕ್ಕೆ ಆರು ಸಲ ಹೋಗುತ್ತಿದ್ದವಳು ಹದಿನೈದು ಸಲ ಹೋಗತೊಡಗಿದೆ. ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲದಷ್ಟು ಬಡವಾದೆ.

ನಾನು ತಮ್ಮನ ಮನೆಯಲ್ಲಿದ್ದವಳು. ಹನ್ನೊಂದನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಓದಿ, ಕೆಲಸ ಹಿಡಿದವಳು. "ಮೂಲೆಯಲ್ಲಿ ಕೂತಿರಬೇಕಾದೋಳು ಕುರ್ಚಿ ಮೇಲೆ ಕೂತಳು. ಅದಕ್ಕೇ ದೇವರು ಕೂರೋಕೇ ಬಿಡ್ತಿಲ್ಲ" ಎಂದು ತಮ್ಮನ ಹೆಂಡತಿ ಒಮ್ಮೆ ಅಡುಗೆಮನೆಯಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆಕೆಯನ್ನು ದೂರಲಾರೆ. ಆಗ ನನಗೂ ಹಾಗೇ ಅನ್ನಿಸುತ್ತಿತ್ತು.

ಶಾಲೆಯಲ್ಲಿ ಕಕ್ಕಸು ಇರಲಿಲ್ಲ. ನಗಬೇಡಿ ಮಕ್ಕಳೇ, ಅದು ಕೆಟ್ಟ ಮಾತಲ್ಲ. ಶಾಲೆಯ ಬೆನ್ನಿಗೇ ಮಾವಿನ ವ್ಯಾಪಾರಿ ಅಬ್ದುಲ್ ಗಫೂರ್ ಸಾಹೇಬರ ಮನೆ. ಹೆಂಗಸರು ಬಯಲಿಗೆ ಹೋಗದ ಮನೆಯಾದ್ದರಿಂದ ಹಿತ್ತಲಲ್ಲಿ ಗೋಡೆ ಕಟ್ಟಿದ ಒಂದು ಕಕ್ಕಸು ಇತ್ತು. ಒಂದು ದಿನ ಲೆಕ್ಕದ ಪಾಠವನ್ನು ಅರ್ಧಕ್ಕೆ ಬಿಟ್ಟು ಓಡಿಹೋಗಿ ಆ ಹಿತ್ತಲ ಬಾಗಿಲು ಬಡಿದೆ. ಅವರ ಪತ್ನಿ ಕರೀಮುನ್ನೀಸಾ ಬಾಗಿಲು ತೆರೆದರು. ನನ್ನ ಮುಖ ನೋಡಿದರು. ಏನನ್ನೂ ಕೇಳದೆ ನೀರಿನ ಚೊಂಬು ಕೈಗಿತ್ತರು. ಹೊರಗೆ ಬಂದು ಕ್ಷಮಿಸಿ ಎನ್ನಲು ಹೊರಟರೆ, "ಕಾಯ್ಕೂ ಟೀಚರಮ್ಮಾ? ಕೇಳ್ಕೊಂಡು ಬರೋ ಜಾಗನಾ ಇದು? ನಾಳೆಯಿಂದ ಚಿಲಕ ಹಾಕಲ್ಲ, ನೀವು ಸೀದಾ ಬನ್ನಿ" ಎಂದರು.

ಸೆಪ್ಟೆಂಬರಿನಲ್ಲಿ ಶಾಲೆಯ ತನಿಖೆ ಬಂತು. ಬಂದ ಅಧಿಕಾರಿಗಳ ಹೆಸರು ಬೇಡ, ಅವರು ಈಗ ಬೇರೆ ಜಿಲ್ಲೆಯಲ್ಲಿದ್ದಾರೆ. ಅವರು ಪ್ರಶ್ನೆ ಕೇಳುತ್ತಿದ್ದ ಅರ್ಧ ಗಂಟೆಯಲ್ಲಿ ನಾನು ಮೂರು ಸಲ ಎದ್ದುಹೋದೆ. ನಾಲ್ಕನೆಯ ಸಲ ಏಳಲು ಹೋಗಿ ತಲೆ ಸುತ್ತಿ ಅವರ ಕಾಲಬುಡದಲ್ಲೇ ಬಿದ್ದೆ. ಮೂರು ತಿಂಗಳು ರಜೆ, ಅಷ್ಟರಲ್ಲಿ ಆರೋಗ್ಯದ ಸರ್ಟಿಫಿಕೇಟು ತರದಿದ್ದರೆ ಕೆಲಸದಿಂದ ಬಿಡುಗಡೆ ಎಂದು ಆಜ್ಞೆ ಬಂತು. ಬಿಡುಗಡೆ! ಎಷ್ಟು ಚೆಂದದ ಮಾತು! ನನಗಿದ್ದ ಬಿಡುಗಡೆ ಎಂದರೆ ಆ ಕೆಲಸವೊಂದೇ.

ಕೋಲಾರದ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋಗಲು ತಮ್ಮನಿಗೆ ಪುರುಸೊತ್ತಿರಲಿಲ್ಲ. ಕರೀಮುನ್ನೀಸಾ ಬಂದರು. ಯುದ್ಧದ ಕಾಲ, ಪೆಟ್ರೋಲಿಲ್ಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಬೆಂಕಿ ಕೆದಕಲು ಬಸ್ಸು ಒಂದು ಏರಿನಲ್ಲಿ ನಿಂತಿತು. ನನಗೂ ಅಲ್ಲೇ ಇಳಿಯಬೇಕಾಯಿತು. ಬಯಲು, ಒಂದು ಪೊದೆಯೂ ಇಲ್ಲ. ಬಸ್ಸಿನ ತುಂಬ ಜನ. ನಾನು ಅಳುತ್ತಾ ನಿಂತೆ. ಮದುವೆಯಾದ ಮೇಲೆ ಪರಪುರುಷರಿಗೆ ಮುಖ ತೋರಿಸದ ಆ ಹೆಣ್ಣುಮಗಳು ತಮ್ಮ ಬುರ್ಖಾ ತೆಗೆದು ಎರಡು ಕೈಯಲ್ಲೂ ಅಗಲಿಸಿ ಹಿಡಿದು, ಬಸ್ಸಿಗೆ ಬೆನ್ನು ಹಾಕಿ ನಿಂತರು. "ಬೇಗ ಕೂತ್ಕೊಳ್ಳಿ. ನನ್ನ ಬೆನ್ನು ನೋಡಿದ್ರೆ ನೋಡ್ಲಿ, ಏನೂ ಸವೆದು ಹೋಗಲ್ಲ" ಎಂದರು. ಸ್ತ್ರೀ ವಿದ್ಯಾಭ್ಯಾಸದ ಮಹತ್ವ ಎಂದಿರಲ್ಲ, ಕರೀಮುನ್ನೀಸಾ ಕನ್ನಡ ಅಕ್ಷರ ಕಲಿತವರಲ್ಲ. ಅಂದು ನಾನು ಅವರ ವಿದ್ಯಾರ್ಥಿನಿಯಾದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಎಡ ಮಗ್ಗುಲಿಗೆ ಮಲಗಿಸಿ, ತುದಿಯಲ್ಲಿ ದೀಪವಿರುವ ಒಂದು ಕೊಳವೆಯಿಂದ ಒಳಗೆಲ್ಲ ನೋಡಿದರು. ನೋವಾಯಿತೇ ಎಂದು ಕೇಳಬೇಡಿ. ಆಯಿತು. ಆಮೇಲೆ ಕೈ ತೊಳೆದು ಬಂದು ಮಂಚದ ಪಕ್ಕ ಕುಳಿತರು.

"ನೀವು ಟೀಚರು. ನಿಮಗೆ ಇದ್ದದ್ದು ಇದ್ದಹಾಗೆ ಹೇಳ್ತೀನಿ. ಇದು ಆಮಶಂಕೆಯಲ್ಲ. ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಮೈಯೆಲ್ಲಾ ಹುಣ್ಣಾಗಿದೆ."

"ಯಾಕೆ ಬಂತು?"

"ಗೊತ್ತಿಲ್ಲ. ಯಾವ ಡಾಕ್ಟರಿಗೂ ಗೊತ್ತಿಲ್ಲ."

"ಓದಿದ್ದಕ್ಕೆ ಬರುತ್ತಾ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಹಾಗಿದ್ರೆ ನನಗೆ ಮೊದಲು ಬರಬೇಕಿತ್ತು" ಎಂದರು.

ತಮಾಷೆ ಎನ್ನಿಸಬಹುದು, ಆದರೆ ಆ ಹೆಸರು ಕೇಳಿ ನನಗೆ ಸಮಾಧಾನವಾಯಿತು. ಶಾಪಕ್ಕೆ ಕಾಗುಣಿತ ಇರುವುದಿಲ್ಲ. ಇದಕ್ಕೆ ಇತ್ತು. ಚೀಟಿಯ ಮೇಲೆ ಬರೆಸಿಕೊಂಡು ನಾಲ್ಕು ಸಲ ಓದಿದೆ. ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದೆ. "ಅಡಗುತ್ತೆ, ಮತ್ತೆ ಬರುತ್ತೆ. ಇದರ ಜೊತೆ ಬದುಕೋದು ಕಲೀಬೇಕು" ಎಂದರು. ಸಮಾಧಾನವೆಲ್ಲ ಅಲ್ಲಿಗೆ ಮುಗಿಯಿತು. ಆ ಸಂಜೆ ಗೋಡೆಯ ಕಡೆ ತಿರುಗಿ ಮಲಗಿದವಳು ಮೂರು ದಿನ ಗಂಜಿ ಮುಟ್ಟಲಿಲ್ಲ. ಮತ್ತೆ ಮತ್ತೆ ಬರುವುದಾದರೆ ಯಾವ ಶಾಲೆ, ಯಾವ ಕುರ್ಚಿ? ರಾಜೀನಾಮೆ ಬರೆದು ದಿಂಬಿನ ಕೆಳಗೆ ಇಟ್ಟುಕೊಂಡೆ.

ಆ ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು. ದಿನಕ್ಕೆ ಹತ್ತು ಹನ್ನೆರಡು ಸಲ ನನ್ನ ಮಲದ ಪಾತ್ರೆಯನ್ನು ಬಟ್ಟೆ ಮುಚ್ಚಿ ಹೊತ್ತುಕೊಂಡು ಹೋಗುತ್ತಿದ್ದವಳು. ನಾಲ್ಕನೆಯ ದಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ನನ್ನ ಮೈ ಒರೆಸುತ್ತಾ ಆಕೆ, "ನನ್ನ ಗುರ್ತು ಸಿಗಲಿಲ್ವಾ ಟೀಚರಮ್ಮಾ? ನಾನು ಚಿಕ್ಕಗಂಗಮ್ಮ. ನಿಮ್ಮ ಹತ್ರ ಓದ್ತಿದ್ದೆ" ಎಂದಳು.

ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟ ಹುಡುಗಿ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಮದುವೆ' ಎಂದು ನಾನೇ ಬರೆದಿದ್ದೆ.

"ಮದುವೆ ಆಗಿದ್ದು ಎರಡು ವರ್ಷ ಆದ್ಮೇಲೆ" ಎಂದಳು. "ನಾನು ಬಿಟ್ಟಿದ್ದು ಅದಕ್ಕಲ್ಲ. ಬೆಳಗಿಂದ ಸಾಯಂಕಾಲದವರೆಗೂ ತಡ್ಕೊಂಡಿರೋಕೆ ಆಗ್ತಿರಲಿಲ್ಲ. ನೀರೇ ಕುಡೀತಿರಲಿಲ್ಲ. ಒಂದಿನ ಕಿರುಬೆರಳು ಎತ್ತಿ ಎರಡು ಸಲ ಕೇಳಿದೆ. ಪಾಠ ತಪ್ಪಿಸ್ಕೊಳ್ಳೋಕೆ ನೆಪ ಅಂತ ನೀವು ಬೆತ್ತದಲ್ಲಿ ಹೊಡೆದ್ರಿ. ನಿಂತಲ್ಲೇ ಲಂಗ ಒದ್ದೆ ಆಯ್ತು. ಎಲ್ಲಾರೂ ನೋಡಿದ್ರು. ಮಾರನೇ ದಿನದಿಂದ ಬರಲಿಲ್ಲ."

ಸಭಿಕರೇ, ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಕಾಗದದಲ್ಲಿ ಈ ಮಾತಿಲ್ಲ. ಬಾಯಿಗೆ ಬಂದಿದೆ, ಇರಲಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಹೇಳುತ್ತಲೇ ನನ್ನ ಬೆನ್ನು ಒರೆಸಿದಳು, ಒಗೆದ ಸೀರೆ ಉಡಿಸಿದಳು, ತಲೆ ಬಾಚಿದಳು. ನಾನು ಅವಳ ಕೈ ಹಿಡಿದುಕೊಂಡು, "ನನ್ನದು ತಪ್ಪಾಯ್ತು ಕಣೇ" ಎಂದೆ. "ಗಂಜಿ ಕುಡೀರಿ ಹಂಗಾದ್ರೆ" ಎಂದಳು.

ಕುಡಿದೆ. ರಾಜೀನಾಮೆಯನ್ನು ಹರಿದೆ.

ಅಲ್ಲಿಂದ ಮುಂದೆ ನಾನು ಒಳ್ಳೆಯ ವಿದ್ಯಾರ್ಥಿನಿ. ಸಲ್ಫಾ ಮಾತ್ರೆಗಳನ್ನು ಎಣಿಸಿ ನುಂಗಿದೆ. ಎರಡು ಸೀಸೆ ರಕ್ತ ಹಾಕಿದರು. ಕೊಟ್ಟವನು ಅದೇ ನನ್ನ ತಮ್ಮ. ವಿಷಯ ತಿಳಿದು ಓಡಿಬಂದು ತೋಳು ಚಾಚಿ ಮಲಗಿ ಬಿಕ್ಕಿ ಬಿಕ್ಕಿ ಅತ್ತ. ಮುದ್ದೆ ಬಿಟ್ಟೆ, ಖಾರ ಬಿಟ್ಟೆ, ಅವರೆಕಾಳಿನ ಸಾರು ಬಿಟ್ಟೆ. ಈ ಜಿಲ್ಲೆಯಲ್ಲಿ ಹುಟ್ಟಿ ಅವರೆಕಾಳು ಬಿಡುವುದೆಂದರೆ ಸನ್ಯಾಸಕ್ಕಿಂತ ಕಷ್ಟ. ಐವತ್ತೊಂದನೆಯ ದಿನ ಬೆಳಿಗ್ಗೆ ಚಿಕ್ಕಗಂಗಮ್ಮ ಪಾತ್ರೆಯ ಮೇಲಿನ ಬಟ್ಟೆ ಸರಿಸಿ ನೋಡಿದವಳು ವಾರ್ಡಿನ ನಡುವೆ ನಿಂತು, "ರಕ್ತ ಇಲ್ಲ! ನಮ್ಮ ಟೀಚರಮ್ಮ ಪಾಸಾದ್ರು!" ಎಂದು ಕೂಗಿದಳು. ಇಪ್ಪತ್ತು ಮಂಚಗಳ ಮೇಲಿನ ರೋಗಿಗಳೂ ಚಪ್ಪಾಳೆ ತಟ್ಟಿದರು. ಟ್ರೈನಿಂಗ್ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ತೇರ್ಗಡೆಯಾದಾಗಲೂ ನನಗೆ ಅಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಿಲ್ಲ.

ರಜೆ ಮುಗಿಯಲು ಎರಡು ದಿನ ಇರುವಾಗ ಸರ್ಟಿಫಿಕೇಟು ಹಿಡಿದು ಬಂದೆ. ಮೊದಲ ದಿನವೇ ಕಪ್ಪುಹಲಗೆಯ ಮೇಲೆ ದೊಡ್ಡ ಕರುಳಿನ ಚಿತ್ರ ಬರೆದು, "ಮಕ್ಕಳೇ, ನನಗೆ ಇಲ್ಲಿ ಹುಣ್ಣಾಗಿದೆ. ನಾನು ಪಾಠದ ನಡುವೆ ಎದ್ದುಹೋಗುತ್ತೇನೆ. ನೀವೂ ಹೋಗಬೇಕಾದರೆ ಕೇಳಬೇಡಿ, ಹೋಗಿ" ಎಂದೆ. ಎಲ್ಲಿಗೆ ಹೋಗುವುದು? ಕರೀಮುನ್ನೀಸಾರ ಹಿತ್ತಲಿಗೆ. ದಿನಕ್ಕೆ ಮೂವತ್ತು ಹುಡುಗಿಯರು ಸಾಲು ನಿಂತಾಗ ಗಫೂರ್ ಸಾಹೇಬರು, "ಬೀಬಿ, ಇದೇನು ಮನೆಯೋ, ರೈಲ್ವೆ ಸ್ಟೇಷನ್ನೋ?" ಎಂದರಂತೆ. "ಸ್ಟೇಷನ್ನೇ. ಬೇಕಾದ್ರೆ ಹಸಿರು ಬಾವುಟ ಹಿಡೀರಿ" ಎಂದರಂತೆ ಬೀಬಿ.

ಶಾಲೆಗೇ ಕಕ್ಕಸು ಬೇಕೆಂದು ನಾಲ್ಕು ಅರ್ಜಿ ಕೊಟ್ಟೆ. ಈಗಿನ ಅಧ್ಯಕ್ಷರು ಆಗ ಇರಲಿಲ್ಲ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. "ಹಿಂದಿನ ಕಾಲದ ಹೆಂಗಸರು ಇದಿಲ್ಲದೆ ಓದಲಿಲ್ಲವೇ?" ಎಂದು ಆಗಿನ ಅಧ್ಯಕ್ಷರು ಕೇಳಿದರು. "ಓದಲಿಲ್ಲ ಸ್ವಾಮಿ, ಅದನ್ನೇ ಅರ್ಜಿಯಲ್ಲಿ ಬರೆದಿದ್ದೇನೆ" ಎಂದೆ. ಕಡತ ಮುಚ್ಚಿದರು.

ಕಳೆದ ವರ್ಷ ಬೇಸಿಗೆಯಲ್ಲಿ ಹುಣ್ಣು ಮತ್ತೆ ಕೆರಳಿತು. ಡಾಕ್ಟರಮ್ಮ ಹೇಳಿದ್ದರಲ್ಲ! ಏಳು ವಾರ ಮಲಗಿದೆ. ಆದರೆ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಮಲಗಿದ್ದಲ್ಲಿಂದಲೇ ತಾಯಂದಿರಿಗೆ ಒಬ್ಬೊಬ್ಬರಿಗೂ ಕಾಗದ ಬರೆದೆ. ಕರೀಮುನ್ನೀಸಾ ಅವನ್ನು ಹಿಡಿದು ಮನೆಮನೆಗೆ ಹೋದರು. ಒಂದು ಸೋಮವಾರ ನಲವತ್ತು ಹೆಂಗಸರು, ರೈತರ ಮನೆಯವರು, ಕೋಮಟಿಗರ ಮನೆಯವರು, ಬುರ್ಖಾದವರು, ಪುರಸಭೆಯ ಜಗುಲಿಯ ಮೇಲೆ ಕುಳಿತರು. ಏನು ಬೇಕೆಂದು ಹೊಸ ಅಧ್ಯಕ್ಷರು ಕೇಳಿದಾಗ ನಾಚಿಕೊಂಡು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಲವತ್ತು ಕಿರುಬೆರಳುಗಳು ಮೇಲಕ್ಕೆದ್ದವು! ಅಧ್ಯಕ್ಷರು ನಕ್ಕರು. ಅವತ್ತೇ ಸಹಿ ಹಾಕಿದರು. ತಮಗೆ ನಮ್ಮೆಲ್ಲರ ವಂದನೆ, ಸ್ವಾಮಿ.

ಈಗ ಶಾಲೆಯ ಹಿಂದೆ ಆರು ಕೋಣೆ ಎದ್ದಿವೆ. ಆಳವಾದ ಗುಂಡಿ ತೋಡಿಸಿದ್ದೇವೆ, ಯಾವ ಹೆಣ್ಣುಮಗಳೂ ಮಲವನ್ನು ತಲೆಯ ಮೇಲೆ ಹೊರಬೇಕಾಗಿಲ್ಲ. ಬೀಬಿಯ ಹಿತ್ತಲ ಬಾಗಿಲು ತೆರೆದಂದಿನಿಂದ ಮೇಲಿನ ತರಗತಿಗಳಲ್ಲಿ ಮೂವರಿದ್ದ ಹುಡುಗಿಯರು ಇಪ್ಪತ್ತೆರಡು ಮಂದಿಯಾಗಿದ್ದಾರೆ. ಚಿಕ್ಕಗಂಗಮ್ಮ ರಜೆ ಸಿಕ್ಕಾಗಲೆಲ್ಲ ಬಂದು ನನ್ನ ಹತ್ತಿರ ಓದಿ ಈ ವರ್ಷ ಲೋಯರ್ ಸೆಕೆಂಡರಿ ಪಾಸು ಮಾಡಿದ್ದಾಳೆ. ಮುಂದೆ ದಾದಿಯ ತರಬೇತಿ. ಇಗೋ, ಮುಖ ಮುಚ್ಚಿಕೊಂಡು ನಗುತ್ತಿದ್ದಾಳೆ.

ನನಗೆ ವಾಸಿಯಾಗಿಲ್ಲ. ಮುಂದಿನ ವರ್ಷ ಮತ್ತೆ ಮಲಗಬಹುದು, ಮತ್ತೆ ಏಳುತ್ತೇನೆ. ರಕ್ತ ಕಂಡರೆ ಯಾರೂ ಮುಚ್ಚಿಡಬೇಡಿ, ಡಾಕ್ಟರ ಹತ್ತಿರ ಹೋಗಿ. ಇಷ್ಟೇ ನನ್ನ ಉಪದೇಶ.

ಭಾಷಣ ಇನ್ನೂ ಎರಡು ಪುಟ ಇದೆ. ಕಾಫಿಯ ನಂತರ ಅಧ್ಯಕ್ಷರು ಹೊಸ ಕಟ್ಟಡದ ರಿಬ್ಬನ್ ಕತ್ತರಿಸಬೇಕೆಂದು ಕಾರ್ಯಕ್ರಮಪಟ್ಟಿಯಲ್ಲಿ ಅಚ್ಚಾಗಿದೆ. ಆದರೆ ಅಷ್ಟು ಹೊತ್ತು ಕಾಯಲು ನನ್ನ ಕರುಳು ಒಪ್ಪುತ್ತಿಲ್ಲ. ಅಧ್ಯಕ್ಷರೇ, ಆ ಕತ್ತರಿಯನ್ನು ಹೀಗೆ ಕೊಡಿ. ಉದ್ಘಾಟನೆಯನ್ನು ನಾನೇ ಮಾಡಿ ಬರುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ದಾರಿ ಬಿಡಿ ಮಕ್ಕಳೇ. ನಮಸ್ಕಾರ.