ಕ್ಯಾರವಾನ್ ಬಾಗಿಲಿನ ಬಗ್ಗೆ ದುಭಾಷಿ ಮೇಷ್ಟರು ಬರೆಸಿದ್ದು

ಹೆಸರು ಬಾಬಿಕಿರ್ ತಿಜಾನಿ ಫದ್ಲಲ್ಲಾ, ವಯಸ್ಸು 46 ವರ್ಷ, ಸುಡಾನ್ ದೇಶದ ವಾದ್ ಮದನಿ ಊರಿನವನು, ಹಾಲಿ ವಾಸ ಉಮ್ಮ್ ಸಿದ್ರ ಶಿಕ್ಷಕರ ವಸತಿಗೃಹ, ಉದ್ಯೋಗ ಉಮ್ಮ್ ಸಿದ್ರ ಸರ್ಕಾರಿ ಬಾಲಕರ ಶಾಲೆಯಲ್ಲಿ ಅರಬ್ಬಿ ಶಿಕ್ಷಕ, ಸಂಬಳವಿಲ್ಲದ ಉದ್ಯೋಗ ಅದೇ ಶಾಲೆಯಲ್ಲಿ ದುಭಾಷಿ. ಈ ದಿನ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ಹವಾಲ್ದಾರ್ ಉಬೈದ್ ಅವರ ಎದುರು ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಶಾಲೆ ಈ ಕೊಲ್ಲಿ ದೇಶದ ಅಲ್ ಐನ್ ಪಟ್ಟಣದಿಂದ ದಕ್ಷಿಣಕ್ಕೆ 74 ಕಿಲೋಮೀಟರ್ ದೂರದಲ್ಲಿದೆ. ಕಳೆದ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಕಲಿಸಲು ಐರ್ಲೆಂಡಿನಿಂದ ಫಿನ್‌ಟನ್ ಕೀಹೋ ಎಂಬ ಮೂವತ್ತೊಂದು ವರ್ಷದ ಮೇಷ್ಟರು ಬಂದರು. ಅವರಿಗೆ ಅರಬ್ಬಿ ಬಾರದು. ಮುಖ್ಯೋಪಾಧ್ಯಾಯರಾದ ಮತರ್ ಬಿನ್ ಖಲ್ಫಾನ್ ಅವರಿಗೆ ಇಂಗ್ಲಿಷ್ ಬಾರದು. ಇಲಾಖೆಯಿಂದ ಬರುತ್ತಾರೆಂದ ದುಭಾಷಿ ಇವತ್ತಿನವರೆಗೂ ಬಾರರು. ಹೀಗೆ ಬಾರದವರ ನಡುವೆ ಬಂದು ಸಿಕ್ಕಿಕೊಂಡವನು ನಾನು. ವಾದ್ ಮದನಿಯಲ್ಲಿ ಓದುವಾಗ ಇಂಗ್ಲಿಷನ್ನೂ ಒಂದು ವಿಷಯವಾಗಿ ತೆಗೆದುಕೊಂಡಿದ್ದೆ.

ಮೊದಲ ಶಿಕ್ಷಕರ ಸಭೆಯಲ್ಲಿ ಮತರ್ ಅವರು ಇಪ್ಪತ್ತು ನಿಮಿಷ ಬೈದರು. ತಡವಾಗಿ ಬರುವವರನ್ನು, ಬೇಗ ಹೋಗುವವರನ್ನು, ಬಂದೂ ಹೋಗಿಯೂ ಏನೂ ಮಾಡದವರನ್ನು ಬೈದರು. ಕೆಲವರ ಅಪ್ಪಂದಿರ ವಿಚಾರವೂ ಬಂತು. ಏನು ಹೇಳುತ್ತಿದ್ದಾರೆಂದು ಫಿನ್‌ಟನ್ ನನ್ನನ್ನು ಕೇಳಿದರು. ಎಲ್ಲರಿಗೂ ಸ್ವಾಗತ ಕೋರುತ್ತಿದ್ದಾರೆ ಎಂದೆ. ಇಪ್ಪತ್ತು ನಿಮಿಷ ಸ್ವಾಗತಾನಾ ಎಂದು ಅವರು, ಅರಬ್ಬಿ ದೊಡ್ಡ ಭಾಷೆ ಸ್ವಾಮಿ ಎಂದು ನಾನು. ಫಿನ್‌ಟನ್ ನಕ್ಕರು. ಅವರು ನಕ್ಕಿದ್ದನ್ನು ಕಂಡು ಮತರ್ ಅವರ ಸಿಟ್ಟಿಳಿಯಿತು. ಸಭೆ ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, ಭೇಷ್ ಉಸ್ತಾದ್, ಪರದೇಶಿಯೋನ ಚೆನ್ನಾಗಿ ಪಳಗಿಸಿದ್ದೀಯ ಎಂದರು. ಅಂದೇ ನನಗೆ ರುಚಿ ಹತ್ತಿತು. ಬಾಯಿ ಎರಡಾದರೆ ಬಾಳು ಬರಡು ಎನ್ನುವುದು ಆಗ ಹೊಳೆಯಲಿಲ್ಲ.

(ಇಲ್ಲಿ ಹವಾಲ್ದಾರರು, ಉಸ್ತಾದ್, ಪ್ರಾಸ ಸಾಕು, ಪ್ರಸಂಗ ಬೇಕು ಎಂದು ಸೂಚಿಸಿದ್ದಾರೆ. ಆಗಲಿ ಎಂದಿದ್ದೇನೆ.)

ಆ ಬಳಿಕ ಫಿನ್‌ಟನ್ ಅವರ ದೂರುಗಳು ಒಂದೊಂದಾಗಿ ನನ್ನ ಕಿವಿಗೆ ಬರತೊಡಗಿದವು. ತರಗತಿಗೆ ಹೋದರೆ ಬೆಂಚುಗಳಿರುತ್ತವೆ, ಹುಡುಗರಿರುವುದಿಲ್ಲ; ರಾಷ್ಟ್ರೀಯ ದಿನದ ಕುಣಿತದ ತಾಲೀಮಿಗೆ ಹೋಗಿರುತ್ತಾರೆ, ತನಗೆ ಯಾರೂ ಹೇಳುವುದಿಲ್ಲ. ನಕಲು ಯಂತ್ರಕ್ಕೆ ಹಾಳೆ ತಾನೇ ಕೊಂಡು ತರಬೇಕು. ತಾನು 31 ಅಂಕ ಕೊಟ್ಟ ಹುಡುಗನಿಗೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ 61 ಆಗಿರುತ್ತದೆ. ಒಮ್ಮೆ ಅವರು ಮತರ್ ಅವರ ಕೋಣೆಗೇ ಬಂದು, ನಾನೇನು ಸರ್ಕಸ್ಸಿನ ಕೋಡಂಗಿನಾ, ಸಾಹೇಬರು ಬಂದಾಗ ತೋರಿಸೋಕೆ ಒಂದು ಬಿಳಿ ಮುಖ ಅಂತ ಇಟ್ಕೊಂಡಿದ್ದೀರಾ, ಕೇಳಿ ಇವರನ್ನ ಎಂದು ನನಗೆ ಹೇಳಿದರು. ಏನಂತೆ ನಮ್ಮ ಕೆಂಪುಮೂತಿದು ಎಂದು ಮತರ್ ಅವರು ಕೇಳಿದರು. ಮಕ್ಕಳ ಚುರುಕು ಕಂಡು ಬೆರಗಾಗಿದ್ದಾರಂತೆ ಎಂದು ನಾನು ತಿಳಿಸಿದೆ. ಪಾಪ, ಒಳ್ಳೇವ್ನು, ಹಾಗಾದ್ರೆ ಇನ್ನೊಂದು ಕ್ಲಾಸು ಕೊಡು ಅವನಿಗೆ ಎಂದು ಮತರ್ ಅವರು ಅಪ್ಪಣೆ ಮಾಡಿದರು. ಇದು ಇಲಾಖೆಯ ಆದೇಶವೆಂದು ಫಿನ್‌ಟನ್ ಅವರಿಗೆ ಹೇಳಿದೆ.

ಏಕೆ ಹೀಗೆ ಮಾಡಿದಿರಿ ಎಂದು ಹವಾಲ್ದಾರರು ಕೇಳಲಾಗಿ ಹೇಳುವುದೇನೆಂದರೆ, ನನ್ನ ನೌಕರಿ ಪ್ರತಿ ವರ್ಷ ಮೇ ತಿಂಗಳಲ್ಲಿ ಮತರ್ ಅವರ ಒಂದು ಮಾತಿನ ಮೇಲೆ ಮುಂದುವರಿಯುತ್ತದೆ. ನೌಕರಿ ಹೋದರೆ ವೀಸಾ ಹೋಗುತ್ತದೆ, ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ದೇಶ ಬಿಡಬೇಕು. ಹಿರಿಯವಳದು ಹನ್ನೆರಡನೇ ತರಗತಿ. ಆದರೆ ಇದು ಅರ್ಧ ಕಾರಣ. ಇನ್ನರ್ಧ, ಇಬ್ಬರಿಗೂ ಬೇಕಾದವನಾಗಿರುವ ಚಪಲ. ನನ್ನ ಹೆಂಡತಿ ಇಹ್ಸಾನ್ ಇದನ್ನು ಮೊದಲೇ ಕಂಡಿದ್ದಳು. ನೀವು ಮಾತು ದಾಟಿಸೋದಿಲ್ಲ, ಸಕ್ಕರೆ ಪಾಕದಲ್ಲಿ ಅದ್ದಿ ಮಾರ್ತೀರಿ ಎಂದು ಅಣಕಿಸಿದ್ದಳು.

ಫೆಬ್ರವರಿಯಲ್ಲಿ ಮುಖ್ಯ ಕಟ್ಟಡಕ್ಕೆ ಬಣ್ಣ ಬಳಿಯುವ ಕೆಲಸ ಶುರುವಾಗಿ ಎಂಟನೇ ತರಗತಿಯ ಇಂಗ್ಲಿಷ್ ಪಾಠವನ್ನು ಮೈದಾನದ ಆಚೆಗಿರುವ ಕ್ಯಾರವಾನಿಗೆ ಹಾಕಲಾಯಿತು. ಇದು ತಗಡಿನ ಕೋಣೆ. ಒಂದು ಬಾಗಿಲು, ಸರಿಸಲು ಬಾರದ ಒಂದು ಗಾಜಿನ ಕಿಟಕಿ. ಕಟ್ಟಡದಿಂದ 140 ಮೀಟರ್ ದೂರ, ಕೂಗಿದರೆ ಕೇಳಿಸುವುದಿಲ್ಲ. ಬಾಗಿಲಿನ ಒಳಗಡೆಯ ಹಿಡಿ ಸಡಿಲವಾಗಿದೆ, ಕಿತ್ತುಬಂದರೆ ಮಕ್ಕಳು ಒಳಗೇ ಉಳಿಯುತ್ತಾರೆ ಎಂದು ಫಿನ್‌ಟನ್ ಅವರು ಮಾರ್ಚಿನಲ್ಲಿ ಮೊದಲ ಬಾರಿ ಹೇಳಿದರು. ಕೋಣೆ ಪ್ರಶಾಂತವಾಗಿದೆಯಂತೆ, ಪುರುಸೊತ್ತಾದಾಗ ಬಡಗಿ ಒಮ್ಮೆ ಬಂದು ಹೋದರೆ ಸಂತೋಷವಂತೆ ಎಂದು ನಾನು ದಾಟಿಸಿದೆ. ಏಪ್ರಿಲಿನಲ್ಲಿ ಎರಡನೇ ಬಾರಿ ಹೇಳಿದರು. ಅಂದು ಮತರ್ ಅವರ ಒಂಟೆ ಓಟದಲ್ಲಿ ಗೆದ್ದಿತ್ತು. ಗೆದ್ದ ದಿನ ಗೋಳೇಕೆ ಎಂದು ನಾನು ಏನನ್ನೂ ದಾಟಿಸಲಿಲ್ಲ.

ದಿನಾಂಕ 15-5-2014 ಗುರುವಾರ ಸದರಿ ಹಿಡಿ ತಾನಾಗಿಯೇ ಕಿತ್ತು ಕೈಗೆ ಬಂತು. ಆ ಹೊತ್ತಿಗೆ ಬಾಗಿಲು ತೆರೆದಿದ್ದರಿಂದ ತೊಂದರೆಯಾಗಲಿಲ್ಲ. 18ರ ಭಾನುವಾರ ಬೆಳಿಗ್ಗೆ 7.20ಕ್ಕೆ ಫಿನ್‌ಟನ್ ಅವರು ನನ್ನನ್ನು ಕರೆದುಕೊಂಡು ಮತರ್ ಅವರ ಕೋಣೆಗೆ ಹೋಗಿ, ಆ ಹಿಡಿಯನ್ನು ಮೇಜಿನ ಮೇಲೆ ಸಪ್ಪಳವಾಗುವಂತೆ ಇಟ್ಟು, ಇದು ಮೂರನೇ ಸಲ, ಇದನ್ನ ಸರಿ ಮಾಡೋವರೆಗೂ ಆ ಡಬ್ಬದೊಳಗೆ ನಾನು ಮಕ್ಕಳನ್ನ ಕೂರಿಸೋದಿಲ್ಲ, ಏನಾದ್ರೂ ಆದ್ರೆ ಯಾರು ಹೊಣೆ ಎಂದು ಹೇಳಿದರು. ಇಂಗ್ಲಿಷಿನಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ.

ಮತರ್ ಅವರು ನನ್ನ ಮುಖ ನೋಡಿದರು. ನನ್ನ ನೌಕರಿ ಮುಂದುವರಿಸುವ ಮಾತು ಅದೇ ವಾರ ಆಗಬೇಕಿತ್ತು. ಹುಡುಗರು ಆಟವಾಡಿ ಕಳೆಯುತ್ತಾರೆಂದು ಈ ಹಿಡಿಯನ್ನು ತೆಗೆದು ತಂದಿದ್ದಾರೆ, ಜೋಪಾನವಾಗಿರಲಿ ಅಂತ ನಿಮ್ಮ ಕೈಗೆ ಕೊಡುತ್ತಿದ್ದಾರೆ ಎಂದು ನಾನು ಹೇಳಿದೆ. ಎಂಥಾ ಜವಾಬ್ದಾರಿ ನೋಡು ಎಂದು ಮತರ್ ಅವರು ಅದನ್ನು ಡ್ರಾಯರಿನಲ್ಲಿಟ್ಟು, ಖರ್ಜೂರ ಮುಂದೆ ಸರಿಸಿ, ಕಾಫಿ ಹಾಕಿಸಿದರು. ಫಿನ್‌ಟನ್ ಅವರು ಕಾಫಿ ಮುಟ್ಟಲಿಲ್ಲ. ಬಡಗಿ ಯಾವಾಗ ಬರುತ್ತಾನಂತೆ ಎಂದು ಕೇಳಿದರು. ನಾಳೆ ಎಂದೆ. ಬಡಗಿಯ ಹೆಸರೇ ಆ ಕೋಣೆಯಲ್ಲಿ ಬಂದಿರಲಿಲ್ಲ.

ಸೋಮವಾರ ಅವರು ಕೇಳಿದಾಗ ಇವತ್ತು ಮಧ್ಯಾಹ್ನದ ನಮಾಜಾದ ಮೇಲೆ ಎಂದೆ. ಮಂಗಳವಾರ ಬೆಳಿಗ್ಗೆ ಕೇಳಿದಾಗ ದಾರಿಯಲ್ಲಿದ್ದಾನೆ ಎಂದೆ. ನನ್ನ ಮಾತು ನಂಬಿ, ಇನ್ನೊಂದೇ ಪಾಠ ತಾನೇ ಎಂದು, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟುಕೊಂಡು ಅವರು ಆ ದಿನ ಪಾಠ ಶುರು ಮಾಡಿದರು.

ದಿನಾಂಕ 20-5-2014 ಮಂಗಳವಾರ ಆರನೇ ಪಾಠದ ಹೊತ್ತಿಗೆ ಮರಳು ಗಾಳಿ ಎದ್ದಿತು. ಒಳಗೆ ನಡೆದದ್ದನ್ನು ಹುಡುಗರ ಬಾಯಿಂದ ಕೇಳಿ ಹೇಳುತ್ತಿದ್ದೇನೆ. ಕಣ್ಣಿಗೆ ಮರಳು ಹೊಡೆಯುತ್ತಿದೆ ಎಂದು ಬಾಗಿಲ ಬಳಿಯ ಹುಡುಗ ಕುರ್ಚಿಯನ್ನು ಒಳಗೆಳೆದ. ಗಾಳಿಗೆ ಬಾಗಿಲು ಬಡಿದು ಮುಚ್ಚಿತು. ಸ್ವಲ್ಪ ಹೊತ್ತಿಗೆ ವಿದ್ಯುತ್ ಹೋಗಿ ಹವಾನಿಯಂತ್ರಣ ನಿಂತಿತು. ಹೊರಗೆ 43 ಡಿಗ್ರಿ. ಒಳಗೆ ಇಪ್ಪತ್ತೆರಡು ಹುಡುಗರು. ಮೊದಲು ನಕ್ಕರಂತೆ, ಆಮೇಲೆ ಬಾಗಿಲು ಗುದ್ದಿದರಂತೆ, ಆಮೇಲೆ ಒಬ್ಬ ವಾಂತಿ ಮಾಡಿಕೊಂಡನಂತೆ.

12.14ರಿಂದ 12.25ರ ನಡುವೆ ಫಿನ್‌ಟನ್ ಅವರಿಂದ ನನ್ನ ಮೊಬೈಲಿಗೆ ಮೂರು ಸಲ ಕರೆ ಬಂತು. ಶಾಲೆಯಲ್ಲಿ ಅವರು ಕರೆ ಮಾಡಿದರೆ ಅರ್ಥವಾಗುವುದು ನನ್ನೊಬ್ಬನಿಗೇ. ನಾನು ಶಿಕ್ಷಕರ ಕೋಣೆಯಲ್ಲಿ ಖಾಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಬಡಗಿಯ ಸುದ್ದಿಯೇ ಇರಬೇಕೆಂದು, ಮೂರನೇ ಸಲ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದೆ. ನನ್ನ ಪಕ್ಕದಲ್ಲಿದ್ದವರು ಯಾರದು ಎಂದು ಕೇಳಲಾಗಿ, ದೂರಿನ ಅಂಗಡಿ ಎಂದು ತಮಾಷೆ ಮಾಡಿದೆ. ಅವರು ನಕ್ಕರು.

12.30ರ ಸುಮಾರಿಗೆ ಫಿನ್‌ಟನ್ ಅವರು ಕುರ್ಚಿಯಿಂದ ಕಿಟಕಿ ಒಡೆದರು. ಗಾಜಿನ ಚೂರಿನ ಮೇಲೆ ಹಾಸಲೆಂದು ಅಂಗಿ ಬಿಚ್ಚುತ್ತಿದ್ದಾಗ ಮುಸಬ್ಬಹ್ ಎಂಬ ಹುಡುಗ ತಡೆಯಲಾರದೆ ಹಾರಿದ. ಬಲಗೈ ಕುಯ್ದುಹೋಯಿತು. ಆ ಕೈಯಿಂದಲೇ ಅವನು ಹೊರಗಿನಿಂದ ಬಾಗಿಲು ತೆಗೆದ. ಗದ್ದಲ ಕೇಳಿ ನಾವು ಹೊರಗೆ ಬಂದಾಗ ಫಿನ್‌ಟನ್ ಅವರು ಬರಿಮೈಯಲ್ಲಿ, ಅಂಗಿ ಸುತ್ತಿದ ಹುಡುಗನನ್ನು ಎತ್ತಿಕೊಂಡು, ಮರಳಿನ ನಡುವೆ ಮೈದಾನದಲ್ಲಿ ಓಡಿಬರುತ್ತಿದ್ದರು. ಅಯ್ಯೋ, ಇವನಿಗೆ ತಲೆ ಕೆಟ್ಟಿದೆ, ಬಟ್ಟೆ ಬಿಚ್ಕೊಂಡು ಕಿಟಕಿ ಒಡೆದವ್ನೆ ಎಂದು ಮತರ್ ಅವರು ಕೂಗಿದರು. 

ಸಂಜೆ 4 ಗಂಟೆಗೆ ಇದೇ ಠಾಣೆಯಲ್ಲಿ ಮತರ್ ಅವರು ಡ್ರಾಯರಿನಿಂದ ತಂದ ಹಿಡಿಯನ್ನು ಹಾಜರುಪಡಿಸಿ, ಈ ಮೇಷ್ಟರು ಭಾನುವಾರವೇ ತಾವಾಗಿ ಹಿಡಿ ತೆಗೆದು ತನಗೆ ಕೊಟ್ಟಿದ್ದಾರೆ, ಕೋಣೆಯ ಬಗ್ಗೆ ಎಂದೂ ದೂರಿಲ್ಲ, ಹೊಗಳಿಯೇ ಇದ್ದಾರೆ ಎಂದು ತಿಳಿಸಿದರು. ಅವರು ಸುಳ್ಳು ಹೇಳಲಿಲ್ಲ. ನಾನು ಕೊಟ್ಟ ಸುಳ್ಳನ್ನು ನಿಜವೆಂದು ಹೇಳಿದರು. ಹುಡುಗನ ಎರಡು ಬೆರಳಿನ ನರ ತುಂಡಾಗಿವೆ, ಮಡಚಲು ಬರುವುದು ಅನುಮಾನ ಎಂದು ಆಸ್ಪತ್ರೆಯಿಂದ ಬಂದಿದ್ದ ಹುಡುಗನ ತಂದೆ ಹೇಳಿದರು. ನನ್ನ ಕಡೆ ತಿರುಗಿ, ಇದು ನನ್ ಮಗನ ಕೈ ಉಸ್ತಾದ್, ಬಾಗ್ಲು ಹಿಡಿ ಅಲ್ಲ, ಹೋದ್ರೆ ಇನ್ನೊಂದು ಹಾಕ್ಸೋಕೆ, ಕೇಳಿ ಅವನ್ನ, ಯಾಕೆ ತೆಗ್ದ ಅಂತ ಎಂದರು.

ಕೇಳಲು ನನ್ನನ್ನೇ ದುಭಾಷಿಯಾಗಿ ಕೂರಿಸಲಾಗಿತ್ತು. ನಾನು ಕೇಳಿದೆ. ನಾನು ತೆಗೆದಿಲ್ಲ, ಅದು ಕಿತ್ತುಬಂತು, ಮೂರು ಸಲ ಹೇಳಿದ್ದೇನೆ, ಮೂರು ಸಲವೂ ಬಾಬಿಕಿರ್ ಎದುರಲ್ಲೇ ಇದ್ದರು, ಅವರನ್ನೇ ಕೇಳಿ ಎಂದು ಫಿನ್‌ಟನ್ ಅವರು ಉತ್ತರಿಸಿದರು. ಹವಾಲ್ದಾರ್ ಉಬೈದ್ ಅವರು ಏನಂತೆ ಎಂದು ನನ್ನನ್ನು ಕೇಳಿದರು. ಮಗುವಿಗೆ ಹೀಗಾದದ್ದಕ್ಕೆ ಬಹಳ ದುಃಖವಾಗಿದೆಯಂತೆ ಎಂದು ನಾನು ಹೇಳಿದೆ. ಹವಾಲ್ದಾರರು ಹಾಗೆಯೇ ಬರೆದುಕೊಂಡರು. ಫಿನ್‌ಟನ್ ಅವರನ್ನು ಒಳಗೆ ಕೂಡಿಹಾಕಲಾಯಿತು. ಬಾಗಿಲು ಮುಚ್ಚುವ ಮುಂಚೆ ಅವರು ನನ್ನ ಕೈ ಕುಲುಕಿ, ತಮಗೆ ಬರುವ ನಾಲ್ಕೈದು ಅರಬ್ಬಿ ಮಾತುಗಳಲ್ಲಿ ಒಂದಾದ ಶುಕ್ರನ್, ಅಂದರೆ ಧನ್ಯವಾದ, ಹೇಳಿದರು. ನೀವಿಲ್ಲದಿದ್ದರೆ ನನ್ನ ಮಾತು ಇಲ್ಲಿ ಯಾರಿಗೂ ಮುಟ್ಟುತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಸೇರಿಸಿದರು.

ಮನೆಗೆ ಹೋಗಿ ಇಹ್ಸಾನ್‌ಗೆ ಎಲ್ಲ ಹೇಳಿದೆ. ಈ ಸಲ ಅವಳು ಅಣಕಿಸಲಿಲ್ಲ. ತಟ್ಟೆ ಎತ್ತಿಟ್ಟು, ಸೂಟ್‌ಕೇಸು ಅಟ್ಟದ ಮೇಲಿವೆ, ನಂಗೆ ಎಟುಕಲ್ಲ, ಇಳಿಸಿಕೊಟ್ಟು ಠಾಣೆಗೆ ಹೋಗಿ ಎಂದಳು. ಇಳಿಸಿಕೊಟ್ಟು ಬಂದಿದ್ದೇನೆ.

ಇಷ್ಟು ಬರೆದಾದ ಮೇಲೆ ಹವಾಲ್ದಾರ್ ಉಬೈದ್ ಅವರು ಲೇಖನಿ ಕೆಳಗಿಟ್ಟು, ಉಸ್ತಾದ್, ನನ್ ತಮ್ಮ ನಿಮ್ಮ ಹತ್ರಾನೇ ಓದಿದ್ದು, ಇದೆಲ್ಲಾ ಯಾಕೆ, ಭಾಷೆಯ ತೊಂದರೆಯಿಂದ ಹೀಗಾಯ್ತು ಅಂತ ಒಂದೇ ಸಾಲು ಬರ್ದುಬಿಡ್ತೀನಿ, ಅವನೂ ಉಳೀತಾನೆ, ನೀವೂ ಉಳೀತೀರಿ ಎಂದು ಕರುಣೆಯಿಂದ ಹೇಳಿದ್ದಾರೆ. ಹಾಗೆ ಬರೆದರೆ ಫಿನ್‌ಟನ್ ಅವರು ಸರಿಯಾಗಿ ಹೇಳಲಿಲ್ಲ ಎಂದಾಗುತ್ತದೆ. ಅವರು ಸರಿಯಾಗಿಯೇ ಹೇಳಿದ್ದರು. ಆದ್ದರಿಂದ ಆ ಸಾಲು ಬೇಡ. ಭಾಷೆಯ ತೊಂದರೆ ಏನೂ ಇರಲಿಲ್ಲ. ನನಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ.

ಈ ಹೇಳಿಕೆಯನ್ನು ಫಿನ್‌ಟನ್ ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಲು ಬೇರೆ ಯಾರನ್ನಾದರೂ ಕರೆಸಬೇಕೆಂದು ಕೋರುತ್ತೇನೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಆಡಿದಷ್ಟೇ ಇದೆ, ಆಡಿದ ಹಾಗೆಯೇ ಇದೆ, ನಿಜವಾಗಿದೆ ಎಂದು ಒಪ್ಪಿ ರುಜು ಹಾಕಿರುತ್ತೇನೆ.

ಸ್ಥಳ: ಉಮ್ಮ್ ಸಿದ್ರ ಪೊಲೀಸ್ ಠಾಣೆ
ದಿನಾಂಕ: 21-5-2014, ಬುಧವಾರ, ಬೆಳಿಗ್ಗೆ 9.40
(ರುಜು) ಬಾಬಿಕಿರ್ ತಿಜಾನಿ ಫದ್ಲಲ್ಲಾ