ದೊಡ್ಡ ಸಪ್ಪಲಮ್ಮನಿಗೆ ಎತ್ತಿಟ್ಟಿದ್ದು

ಇವತ್ತು ಸೋಮವಾರ, ನನ್ನ ಉಪವಾಸ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ನೀವು ಕೂತಿರುವ ಕುರ್ಚಿಗಳನ್ನೆಲ್ಲ ಒರೆಸಿ ಈ ಮೈಕಿನ ಮುಂದೆ ನಿಂತಿದ್ದೀನಿ. ಮಾತು ತಪ್ಪಿದರೆ ಅದು ಹಸಿವು, ಹೆದರಿಕೆ ಅಲ್ಲ!

ಅಧ್ಯಕ್ಷರಾದ ಗೌರೀಶಂಕರ ಸಾರ್ ಅವರೇ, ನಮ್ಮ ಶಿಶುವಿಹಾರ ನಡೆಸುವ ಶಾಂತಾದೇವಿ ಮೇಡಂ ಅವರೇ, ಯಡಿಯೂರಿನ ತಂದೆತಾಯಿಗಳೇ, ಸಭಿಕರೇ, ನಾನು ಸಪ್ಪಲಮ್ಮ. ಹನ್ನೊಂದು ವರ್ಷದಿಂದ ಇಲ್ಲಿ ಆಯಾ. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸು.

ಮಕ್ಕಳು ದೊಡ್ಡವರಾಗಿ ಏನಾಗಬೇಕು ಅಂತ ನೀವೆಲ್ಲ ಯೋಚಿಸುತ್ತೀರಿ. ಮಕ್ಕಳು ಏನು ಯೋಚಿಸುತ್ತಾರೆ, ಕೇಳಿದ್ದೀರಾ? ನಮ್ಮ ಸುಭಾಷ್ ಬಸ್ ಆಗ್ತಾನಂತೆ. "ಡ್ರೈವರ್ರಾ ಮಗಾ?" ಅಂದೆ. "ಅಲ್ಲ ಆಯಮ್ಮ, ಬಸ್ಸು!" ಅವರಪ್ಪ ಇಲ್ಲೇ ಇದ್ದಾರೆ. ಈಗಲೇ ಮನೆ ಮುಂದೆ ಜಾಗ ಮಾಡಿಡಿ ಸಾರ್!

ಲಿಖಿತಾಗೆ ನಾಲ್ಕು ವರ್ಷ. ದಿನಾ ಅರ್ಧ ಚಕ್ಕುಲಿ ಬ್ಯಾಗಿನಲ್ಲಿ ಬಚ್ಚಿಡುತ್ತಾಳೆ. "ಯಾರಿಗೇ ಅದು?" ಅಂದರೆ, "ದೊಡ್ಡ ಲಿಖಿತಾಗೆ. ಪಾಪ, ಅವಳಿಗೂ ಹಸಿವಾಗಲ್ವಾ?" ಅಂದಳು. ಆಮೇಲೆ ನನ್ನನ್ನೇ ನೋಡಿ, "ದೊಡ್ಡ ಸಪ್ಪಲಮ್ಮಂಗೆ ನೀನು ಏನಿಟ್ಟಿದ್ದೀಯಾ?"

ಐವತ್ತು ವರ್ಷ ನನಗೆ, ಇನ್ನೆಷ್ಟು ದೊಡ್ಡವಳಾಗಲಿ? ಚಿಕ್ಕವಳಿದ್ದಾಗ ಟೀಚರ್ ಆಗ್ತೀನಿ ಅಂತಿದ್ದೆ. ಏಳನೇ ಕ್ಲಾಸಾದ ಮೇಲೆ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದೆ. ಹೋಗಲಿ ಬಿಡಿ.

ಮೂರು ವಾರದ ಹಿಂದೆ ಮೇಡಂ ಒಂದು ಕಾಗದ ಕೊಟ್ಟರು. ಜೂನ್‌ನಿಂದ ಪುಟ್ಟ ಮಕ್ಕಳಿಗೆ ಕಥೆ ಹೇಳುವ ಟೀಚರ್ ಆಗಬೇಕಂತೆ, ನಾನು! ಉತ್ತರ ಬರೆದು ಕೊಡೋಕೆ ಇವತ್ತೇ ಕೊನೆ ದಿನ. ಆಗ್ತೀನಿ ಅಂತ ಅವತ್ತೇ ಬರೆದೆ, ಇಲ್ಲಿಯ ಅಡುಗೆಮನೆಯಲ್ಲಿರುವ ದೇವರು ಶಾರದಮ್ಮನ ಪಟದ ಹಿಂದೆ ಇಟ್ಟೆ. ಬಲಗಡೆ ಹೂವು ಬಿದ್ದರೆ ಕೊಡ್ತೀನಿ ತಾಯಿ, ಅಂತ ಪ್ರಸಾದ ಕೇಳಿದೆ. ಸೇವಂತಿಗೆ ಇಟ್ಟೆ, ಕಣಗಿಲೆ ಇಟ್ಟೆ. ಒಂದೂ ಬೀಳಲಿಲ್ಲ. ಹೇಗೆ ಬಿದ್ದೀತು? ನಿಜ ಹೇಳ್ತೀನಿ, ಹೆದರಿಕೆಗೆ ನಾನೇ ಗಟ್ಟಿಯಾಗಿ ಸಿಕ್ಕಿಸಿಟ್ಟಿದ್ದೆ!

ಇವತ್ತು ಬೆಳಗ್ಗೆ ನೋಡ್ತೀನಿ, ಲಿಖಿತಾ ಆ ಪಟದ ಮುಂದೆ ಸ್ಟೂಲ್ ಹತ್ತಿದ್ದಾಳೆ. ಬಲಗಡೆ ಹೂವನ್ನೇ ಕಿತ್ತು ನನ್ನ ಕೈಗಿಟ್ಟು, "ತಗೋ ಆಯಮ್ಮ, ದೊಡ್ಡವಳಾದ ಮೇಲೆ ಮುಡ್ಕೋ" ಅಂದಳು.

ಅಮ್ಮನವರು ಇನ್ನು ಯಾವ ಕೈಯಲ್ಲಿ ಕೊಡಬೇಕಿತ್ತು, ಹೇಳಿ? ಮುಡಿದುಕೊಂಡೇ ಬಂದಿದ್ದೀನಿ, ನೋಡಿ!

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ವಂದನೆ, ನಮಸ್ಕಾರ.

ಅಯ್ಯೋ, ಒಂದು ನಿಮಿಷ ತಾಳಿ ಸಾರ್, ಚಪ್ಪಾಳೆ ಆಮೇಲೆ. ಏ ಇಂದ್ರಾಣಿ, ಬಾಗಿಲ ಹತ್ತಿರ ನಿಂತಿದ್ದೀಯಲ್ಲ, ಅಡುಗೆಮನೆಗೆ ಓಡೇ, ಪಟದ ಹಿಂದೆ ನನ್ನ ಉತ್ತರ ಇದೆ. ತಂದು ಮೇಡಂ ಕೈಗೆ ಕೊಡು. ಬೇಗ, ನಾನು ಮತ್ತೆ ಹೆದರೋದರೊಳಗೆ!